ಫೋನಿನ ಕೀಲಿ ಯಾರ ಕೈಯಲ್ಲಿ?

ಹಳ್ಳಿಯ ಫೋನಿನ ಚರಿತ್ರೆಯನ್ನು ನಾನು ಯಾವಾಗಲೂ ಕಿತ್ತೂರಿನಿಂದಲೇ ಶುರು ಮಾಡುತ್ತೇನೆ. 1984ರಲ್ಲಿ ಹುಟ್ಟಿದ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ತನ್ನ ಮೊದಲ ಗ್ರಾಮೀಣ ಎಕ್ಸ್‌ಚೇಂಜನ್ನು 1986ರ ಜುಲೈನಲ್ಲಿ ಕೂಡಿಸಿದ್ದು ಚೆನ್ನಮ್ಮನ ಆ ಊರಿನಲ್ಲಿ. 128 ಪೋರ್ಟಿನ ಪೆಟ್ಟಿಗೆ ಅದು. ಎ.ಸಿ. ಕೋಣೆ ಬೇಡುತ್ತಿರಲಿಲ್ಲ; ನಮ್ಮ ಕಡೆಯ ಬಿಸಿಲು, ಧೂಳು ಎರಡನ್ನೂ ತಾಳಿಕೊಳ್ಳುತ್ತಿತ್ತು. ಸಿ-ಡಾಟ್ ಕಟ್ಟಿದ ಸ್ಯಾಮ್ ಪಿತ್ರೋಡಾ ಅವರ ಹೆಸರನ್ನು ಇವತ್ತಿಗೂ ಗೌರವದಿಂದ ನೆನೆಯುವುದು ಇದೇ ಕಾರಣಕ್ಕೆ.

ಮುಂದೆ ಊರೂರಿಗೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತು ಬಂದವು. ಗದಗ ಹತ್ತಿರದ ಕೋಟುಮಚಗಿಯಲ್ಲಿ ನಾನೂ ಒಂದು ಇಟ್ಟೆ. ಹೆಸರಿನ ಸುಗ್ಗಿಯಲ್ಲಿ ಗದಗಿನ ಅಡತಿ ಅಂಗಡಿಗೆ ಫೋನ್ ಹಚ್ಚಿ ದರ ಕೇಳುವವರು ಬೆಳಿಗ್ಗೆಯೇ ಬರುತ್ತಿದ್ದರು. ದುಡಿಯಲು ಗೋವಾಕ್ಕೆ ಹೋದ ಮಗನ ಜೊತೆ ಮಾತಾಡುವವರು ತಡರಾತ್ರಿಯ ಕಾಲು ದರಕ್ಕೆ ಕಾದು ಕೂರುತ್ತಿದ್ದರು.

ಆಗ ಫೋನಿನ ಭದ್ರತೆ ಕಣ್ಣಿಗೆ ಕಾಣುತ್ತಿತ್ತು. ಉಳ್ಳವರ ಮನೆಯಲ್ಲಿ ಡಯಲಿನ ತೂತಿಗೆ ಒಂದು ಪುಟ್ಟ ಕೀಲಿ ಜಡಿದಿರುತ್ತಿದ್ದರು. ಡಯಲ್ ತಿರುಗುವುದಿಲ್ಲ, ಬಿಲ್ ಏರುವುದಿಲ್ಲ ಎಂಬ ಲೆಕ್ಕ. ಚುರುಕು ಹುಡುಗರು ಅದನ್ನೂ ಮೀರಿದ್ದರು. ಡಯಲ್ ತಿರುಗಿದಾಗ ಆಗುವುದಿಷ್ಟೇ: ಅಂಕಿ ಎಷ್ಟೋ ಅಷ್ಟು ಸಲ ಲೈನು ಕಡಿದು ಕೂಡುತ್ತದೆ. ರಿಸೀವರ್ ಇಡುವ ಗುಂಡಿಯನ್ನು ಲಯ ತಪ್ಪದೆ ಒತ್ತಿದರೂ ಅದೇ ಕೆಲಸ ನಡೆಯುತ್ತದೆ. ಹುಬ್ಬಳ್ಳಿಯ 0836 ಬೇಕೆಂದರೆ ಸೊನ್ನೆಗೆ ಹತ್ತು ಸಲ, ಸ್ವಲ್ಪ ತಡೆದು ಎಂಟು, ಮೂರು, ಆರು. ಕೀಲಿ ಜಡಿದಂತೆಯೇ ಇರುತ್ತಿತ್ತು, ಮಾತು ಹುಬ್ಬಳ್ಳಿ ಮುಟ್ಟುತ್ತಿತ್ತು. ಆ ಮೇಲೆ ಎಕ್ಸ್‌ಚೇಂಜಿನಲ್ಲೇ ಎಸ್‌ಟಿಡಿ ಬಂದ್ ಮಾಡಿಸುವ, ಗುಪ್ತ ಸಂಖ್ಯೆ ಒತ್ತಿ ತೆರೆಯುವ ಸೌಲಭ್ಯ ಬಂತು. ಅಲ್ಲಿಗೆ ಕಾವಲಿನ ಭಾರವೆಲ್ಲ ಇಲಾಖೆಯದಾಯಿತು.

ಫೈಬರ್ ಬಂದ ಮೇಲೆ ಆ ಭಾರ ಮನೆಯವರ ಮೇಲೆ ಬಿದ್ದಿದೆ. ಇದನ್ನು ಊರಿನವರಿಗೆ ತಿಳಿಸಿ ಹೇಳುವುದೇ ಈಗ ನನ್ನ ಕೆಲಸ. ಹಳೇ ಫೋನನ್ನೇ ಫೈಬರ್ ಮೋಡೆಮಿನ ಬೆನ್ನಿಗೆ ಸಿಕ್ಕಿಸುತ್ತೇವೆ. ದನಿ ಇಂಟರ್ನೆಟ್ಟಿನ ದಾರಿಯಲ್ಲೇ ಹೋಗುತ್ತದೆ. ನಂಬರು ತಂತಿಗೆ ಕಟ್ಟಿಕೊಂಡಿಲ್ಲ, ಒಂದು ಖಾತೆ ಮತ್ತು ಪಾಸ್‌ವರ್ಡಿಗೆ ಕಟ್ಟಿಕೊಂಡಿದೆ. ಅದು ಕಳ್ಳರ ಕೈಗೆ ಸಿಕ್ಕರೆ ಅವರು ವಿದೇಶಕ್ಕೆ ಮಾತಾಡಿ ಬಿಲ್ಲನ್ನು ನಮ್ಮ ತಲೆಗೆ ಕಟ್ಟಬಲ್ಲರು. ಮೋಡೆಮಿನ ಪಾಸ್‌ವರ್ಡನ್ನೂ ಹೀಗೆಯೇ ಕಾಯಬೇಕು. 2017ರ ಜುಲೈನಲ್ಲಿ ಬಿಎಸ್‌ಎನ್‌ಎಲ್ ಕರ್ನಾಟಕ ವಲಯದ ಮೋಡೆಮ್‌ಗಳಿಗೆ ಮಾಲ್‌ವೇರ್ ತಗುಲಿತು. ಕಂಪನಿಯಿಂದ ಬಂದ ‘ಅಡ್ಮಿನ್’ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಮೋಡೆಮ್‌ಗಳೇ ಅದಕ್ಕೆ ಬಲಿಯಾದವು.

ಹಾಗಾಗಿ ಯಾರ ಮನೆಗೆ ಹೋದರೂ ಮೊದಲು ಆ ‘ಅಡ್ಮಿನ್’ ತೆಗೆಸುತ್ತೇನೆ. ವೈಫೈಗೆ ಬೇರೆಯದೇ ಉದ್ದನೆಯ ಪಾಸ್‌ವರ್ಡ್ ಇಡಿಸುತ್ತೇನೆ. ಹೊರಗಿನಿಂದ ರೂಟರ್ ತೆರೆಯುವ ದಾರಿ ಮುಚ್ಚಿ, ಸಾಫ್ಟ್‌ವೇರ್ ಹೊಸದಾಗಿದೆಯೇ ನೋಡುತ್ತೇನೆ. ಬೆಂಗಳೂರಿನ ಮಕ್ಕಳು ತಾವೇ ಬೇರೆ ಇಂಟರ್ನೆಟ್ ಫೋನ್ ತಂದು ಜೋಡಿಸಿದ ಮನೆಗಳಲ್ಲಿ ಇಂಟರ್ನೆಟ್ ಕರೆಗಳು ಬಳಸುವ 5060ರ ಪೋರ್ಟನ್ನು ಹೊರಜಗತ್ತಿಗೆ ತೆರೆದಿಟ್ಟದ್ದುಂಟು. ಹಗಲಿರುಳು ಆ ಬಾಗಿಲನ್ನೇ ಹುಡುಕುವ ಯಂತ್ರಗಳಿವೆ. ಅದನ್ನು ಅಲ್ಲೇ ಮುಚ್ಚಿಸುತ್ತೇನೆ. ಐಎಸ್‌ಡಿ ಬೇಡದವರಿಗೆ ಅದನ್ನು ಬಂದ್ ಮಾಡಿಸಲು ಹೇಳುತ್ತೇನೆ.

ಇನ್ನೊಂದು ಮಾತು ಉಂಟು. ತಾಮ್ರದ ತಂತಿಯ ಕಾಲದಲ್ಲಿ ಊರಿಗೆಲ್ಲ ಕರೆಂಟ್ ಹೋದರೂ ಫೋನ್ ಬದುಕಿರುತ್ತಿತ್ತು. ಎಕ್ಸ್‌ಚೇಂಜಿನ ಬ್ಯಾಟರಿಯ 48 ವೋಲ್ಟ್ ಆ ತಂತಿಯಲ್ಲೇ ಬರುತ್ತಿತ್ತು. ಗಾಜಿನ ಎಳೆಯಲ್ಲಿ ಬೆಳಕು ಬರುತ್ತದೆ, ವಿದ್ಯುತ್ತು ಬರುವುದಿಲ್ಲ. ವಯಸ್ಸಾದವರು ಇಬ್ಬರೇ ಇರುವ ಮನೆಯಲ್ಲಿ ಮೋಡೆಮಿಗೊಂದು ಸಣ್ಣ ಯುಪಿಎಸ್ ಇಡಿಸದೆ ನಾನು ಎದ್ದು ಬರುವುದಿಲ್ಲ.