ಟೇಪಿನ ಅಗಲ, ಟ್ರ್ಯಾಕಿನ ಲೆಕ್ಕ: ಬಾಗಲಕೋಟೆ ಸೀಮೆಗೆ ಬೇಕಾದ ಹಳೆಯ ರೆಕಾರ್ಡರ್

ಮಲ್ಟಿಟ್ರ್ಯಾಕ್ ಟೇಪ್ ರೆಕಾರ್ಡರ್ ಟೇಪಿನ ಅಗಲವನ್ನು ಉದ್ದುದ್ದ ಪಟ್ಟಿಗಳಾಗಿ ಹಂಚಿಕೊಂಡು, ಪ್ರತಿ ಪಟ್ಟಿಯ ಮೇಲೂ ಬೇರೆ ಬೇರೆ ದನಿ ಬರೆಯುತ್ತದೆ. ಹಾಡುಗಾರ ಒಂದರಲ್ಲಿ, ಪೇಟಿ ಇನ್ನೊಂದರಲ್ಲಿ, ಡೊಳ್ಳು ಮತ್ತೊಂದರಲ್ಲಿ. ಕಂಪ್ಯೂಟರಿನಲ್ಲೇ ಕೆಲಸ ಕಲಿತ ತಲೆಮಾರು ಈಗ ಈ ಯಂತ್ರಗಳನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕುತ್ತಿದೆ. ಏಕೆಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ಟೇಪಿನ ದನಿ ಬೆಚ್ಚಗಿರುತ್ತದೆ. ಮಾತು ಅರ್ಧ ನಿಜ. ಸರಿಯಾಗಿ ಹೊಂದಿಸಿದ ಯಂತ್ರಕ್ಕೆ ಡೊಳ್ಳಿನ ಪೆಟ್ಟು ತುಸು ಜೋರಾಗಿ ಬಿದ್ದರೆ ಟೇಪು ಅದರ ಮೊನೆಯನ್ನು ಹದವಾಗಿ ಒತ್ತಿಕೊಳ್ಳುತ್ತದೆ. ಕಿವಿಗೆ ಹಿತವಾಗುವುದು ಆ ಒತ್ತು. ಹೊಂದಿಸದ ಯಂತ್ರದಲ್ಲಿ ಕೇಳುವುದು ಸವೆದ ಹೆಡ್ಡಿನ ಮಂಕು ಮಾತ್ರ. ಮಂಕನ್ನೇ ಬಿಸುಪೆಂದು ಮೆಚ್ಚುವವರು ಇಂದು ಕಡಿಮೆಯೇನಿಲ್ಲ.

ಚರಿತ್ರೆಯ ಮೊದಲ ಭಾಗ ಎಲ್ಲ ಪುಸ್ತಕಗಳಲ್ಲೂ ಇದೆ. 1928ರಲ್ಲಿ ಜರ್ಮನಿಯ ಫ್ರಿಟ್ಸ್ ಫ್ಲಾಯ್ಮರ್ ಕಾಗದದ ಪಟ್ಟಿಗೆ ಕಬ್ಬಿಣದ ಪುಡಿ ಅಂಟಿಸಿ ಪೇಟೆಂಟ್ ಪಡೆದ. 1935ರ ಬರ್ಲಿನ್ ರೇಡಿಯೋ ಮೇಳದಲ್ಲಿ ಎಇಜಿ ಕಂಪನಿಯ ಮ್ಯಾಗ್ನೆಟೋಫೋನ್ ಪ್ರದರ್ಶನಗೊಂಡಿತು. ಯುದ್ಧ ಮುಗಿದ ಮೇಲೆ ತಂತ್ರ ಅಮೆರಿಕಕ್ಕೆ ಹೋಗಿ, 1948ರಲ್ಲಿ ಆಂಪೆಕ್ಸ್ ಯಂತ್ರವಾಗಿ ಮಾರುಕಟ್ಟೆಗೆ ಬಂತು. 1957ರಲ್ಲಿ ಆಂಪೆಕ್ಸ್ ಗಿಟಾರ್ ವಾದಕ ಲೆಸ್ ಪಾಲ್‌ಗೆ ಎಂಟು ಟ್ರ್ಯಾಕಿನ ಯಂತ್ರ ಕಟ್ಟಿಕೊಟ್ಟಿತು. ಅದರಲ್ಲಿದ್ದ ಮುಖ್ಯ ಉಪಾಯ ಸೆಲ್-ಸಿಂಕ್. ಬರೆಯುವ ಹೆಡ್ಡಿನಿಂದಲೇ ಹಳೆಯ ಟ್ರ್ಯಾಕನ್ನು ಕೇಳಿಸಿದರೆ ಅದಕ್ಕೆ ಕೂಡಿಸುವ ಹೊಸ ದನಿ ಹಿಂದೆಮುಂದೆ ಆಗುವುದಿಲ್ಲ. ಬೀಟಲ್ಸ್ ತಂಡ 1967ರ ‘ಸಾರ್ಜೆಂಟ್ ಪೆಪ್ಪರ್’ ಮುಗಿಸಿದ್ದು ಸ್ಟೂಡರ್ ಜೆ-37 ಎಂಬ ನಾಲ್ಕು ಟ್ರ್ಯಾಕಿನ ಯಂತ್ರಗಳಲ್ಲಿ. ಅದೇ ದಶಕ ಮುಗಿಯುವಷ್ಟರಲ್ಲಿ ಎರಡಿಂಚು ಅಗಲದ ಟೇಪು, ಹದಿನಾರು ಟ್ರ್ಯಾಕು ಬಂದವು, ಬಳಿಕ ಇಪ್ಪತ್ತನಾಲ್ಕು. ಕ್ವಿಂಟಲ್ ಲೆಕ್ಕದಲ್ಲಿ ತೂಗುವ ಆ ಯಂತ್ರಗಳು ಮನೆ ಸ್ಟುಡಿಯೋಗೆ ಸಂಬಂಧಪಟ್ಟವಲ್ಲ.

ಬಾಗಲಕೋಟೆ ಸೀಮೆ ಆಗ ಬಿಜಾಪುರ ಜಿಲ್ಲೆಯೊಳಗಿತ್ತು. ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಹಾಡುವವರಿಗೆ ಇಲ್ಲಿ ಬರವಿರಲಿಲ್ಲ, ಯಂತ್ರಗಳಿಗಿತ್ತು. ಬೀಳಗಿಯ ಅಮೀರಬಾಯಿ ಕರ್ನಾಟಕಿಯ ದನಿ 1943ರ ‘ಕಿಸ್ಮತ್’ ಚಿತ್ರದಿಂದ ದೇಶವಿಡೀ ಮೊಳಗಿತು, ಆದರೆ ಅದನ್ನು ಮುದ್ರಿಸಿಕೊಂಡದ್ದು ಮುಂಬಯಿ. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಆರಂಭವಾದ ಮೇಲೆ ಸ್ಪೂಲ್ ಟೇಪು ಈ ಭಾಗಕ್ಕೆ ಹತ್ತಿರವಾಯಿತು. ರೇಡಿಯೋಗೆ ಬಹುಟ್ರ್ಯಾಕಿನ ಅಗತ್ಯವಿರಲಿಲ್ಲ. ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ, ಮೈಕಿನಿಂದ ಯಾರು ಎಷ್ಟು ದೂರ ಕೂರಬೇಕೆಂದು ಅಳೆದು, ಒಂದೇ ಟ್ರ್ಯಾಕಿನಲ್ಲಿ ಮುಗಿಸುತ್ತಿದ್ದರು. ಟೇಪು ದುಬಾರಿಯಾದ್ದರಿಂದ ಪ್ರಸಾರವಾದದ್ದನ್ನು ಅಳಿಸಿ ಮತ್ತೆ ಬಳಸುವುದು ರೇಡಿಯೋ ಕೇಂದ್ರಗಳ ರೂಢಿ. ಎಷ್ಟೋ ಕಂಠಗಳು ಹೋದದ್ದು ಹಾಗೆ.

ಮನೆಯ ಮಟ್ಟಕ್ಕೆ ಬಹುಟ್ರ್ಯಾಕ್ ಇಳಿದದ್ದು ಜಪಾನಿನಿಂದ. 1970ರ ದಶಕದ ಆರಂಭದಲ್ಲಿ ಟಿಯಾಕ್ ಕಂಪನಿಯ ಎ-3340ಎಸ್ ಬಂತು: ಕಾಲಿಂಚು ಟೇಪು, ನಾಲ್ಕು ಟ್ರ್ಯಾಕು, ಹತ್ತೂವರೆ ಇಂಚಿನ ಸುರುಳಿ, ಸೆಕೆಂಡಿಗೆ 38 ಸೆಂಟಿಮೀಟರ್ ವೇಗ. 1979ರಲ್ಲಿ ಅದೇ ಬಳಗದ ಟ್ಯಾಸ್ಕಾಮ್ ‘ಪೋರ್ಟಾಸ್ಟುಡಿಯೋ 144’ ಎಂಬ ಪೆಟ್ಟಿಗೆ ತಂದಿತು. ಸಾಮಾನ್ಯ ಕ್ಯಾಸೆಟ್ಟಿನ ಎರಡೂ ಬದಿಯ ನಾಲ್ಕು ಪಟ್ಟಿಗಳನ್ನು ಒಂದೇ ದಿಕ್ಕಿನಲ್ಲಿ, ಇಮ್ಮಡಿ ವೇಗದಲ್ಲಿ ಬಳಸುವ ಯಂತ್ರವಿದು. ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರ ‘ನೆಬ್ರಾಸ್ಕಾ’ವನ್ನು ತನ್ನ ಮನೆಯಲ್ಲಿ ಇದರಲ್ಲೇ ಮುದ್ರಿಸಿದ. ಆಮೇಲೆ ಬಂದ ಫಾಸ್ಟೆಕ್ಸ್ ಎ-8 ಮತ್ತು ಆರ್-8 ಕಾಲಿಂಚಿನಲ್ಲೇ ಎಂಟು ಟ್ರ್ಯಾಕು ತುರುಕಿದವು. ಟ್ಯಾಸ್ಕಾಮ್ 38 ಅರ್ಧ ಇಂಚಿನ ಟೇಪಿನಲ್ಲಿ ಅದೇ ಎಂಟನ್ನು ಹೆಚ್ಚು ನೆಮ್ಮದಿಯಿಂದ ಹಿಡಿಯಿತು. 1985ರ ಟ್ಯಾಸ್ಕಾಮ್ 388ರಲ್ಲಿ ಮಿಕ್ಸರು, ರೆಕಾರ್ಡರು ಎರಡೂ ಒಂದೇ ಮೇಜಿನಷ್ಟು ಜಾಗದಲ್ಲಿ ಕೂಡಿಕೊಂಡವು.

ಪಟ್ಟಿ ಕಿರಿದಾದಷ್ಟೂ ಹಿಸ್ ಸದ್ದು ಹೆಚ್ಚು. ಟ್ರ್ಯಾಕಿನ ಅಗಲ ಅರ್ಧವಾದರೆ ಸದ್ದಿನ ಲೆಕ್ಕದಲ್ಲಿ ಸುಮಾರು 3 ಡೆಸಿಬೆಲ್ ನಷ್ಟ. ಅದನ್ನು ಮುಚ್ಚಲು ನಾಯ್ಸ್ ರಿಡಕ್ಷನ್ ಬೇಕು: ಫಾಸ್ಟೆಕ್ಸ್ ಡಾಲ್ಬಿ ಸಿ ಹಾಕಿತು, ಟ್ಯಾಸ್ಕಾಮ್ ಬಹುಪಾಲು ಡಿಬಿಎಕ್ಸ್ ನೆಚ್ಚಿತು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ. ಮುಂದಿನ ತೊಡಕುಗಳೆಲ್ಲ ಇಲ್ಲಿಂದಲೇ ಹುಟ್ಟಿದವು.

ಕನ್ನಡದ ಮಟ್ಟಿಗೆ ನಿಜವಾದ ತಿರುವು ಕ್ಯಾಸೆಟ್ಟಿನದು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಬಂದು ಭಾವಗೀತೆಯ ಕ್ಯಾಸೆಟ್ ಯುಗ ಆರಂಭಿಸಿತು. ಎಂಬತ್ತರ ದಶಕದಲ್ಲಿ ಶಂಕರ್‌ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದರು. ಧ್ವನಿಮುದ್ರಣಕ್ಕೆ ಮದ್ರಾಸಿನ ರೈಲು ಹತ್ತುವುದು ಅನಿವಾರ್ಯ ಎಂಬ ಸ್ಥಿತಿ ಅಲ್ಲಿಂದ ಬದಲಾಯಿತು. ಮನೆಯ ಹಿತ್ತಲೇ ಸ್ಟುಡಿಯೋ ಆಗಬಲ್ಲದು ಎಂದು ದಕ್ಷಿಣ ಭಾರತಕ್ಕೆ ತೋರಿಸಿಕೊಟ್ಟದ್ದು 1989ರಲ್ಲಿ ಎ.ಆರ್. ರೆಹಮಾನ್ ಮದ್ರಾಸಿನ ತಮ್ಮ ಮನೆಯಲ್ಲಿ ಕಟ್ಟಿದ ಪಂಚತನ್. ಮೊದಲ ಸಲಕರಣೆ ಕೊಳ್ಳಲು ತಾಯಿ ಒಡವೆ ಮಾರಿದರೆಂದು ಅವರೇ ಹೇಳಿಕೊಂಡಿದ್ದಾರೆ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳಲ್ಲಿ ಕ್ಯಾಸೆಟ್ ಮಾಡಿದ ಕೆಲಸವನ್ನು ಚರಿತ್ರೆಕಾರರು ಸರಿಯಾಗಿ ಗಮನಿಸಿಲ್ಲ. ಪೀಟರ್ ಮ್ಯಾನ್ಯುಯೆಲ್ ಅವರ 1993ರ ‘ಕ್ಯಾಸೆಟ್ ಕಲ್ಚರ್’ ಈ ವಿಷಯದ ಪ್ರಸಿದ್ಧ ಪುಸ್ತಕ. ಅದರ ಉಪಶೀರ್ಷಿಕೆಯೇ ಉತ್ತರ ಭಾರತಕ್ಕೆ ಬೇಲಿ ಹಾಕಿಕೊಂಡಿದೆ. ಕೃಷ್ಣೆ ಮಲಪ್ರಭೆಯರ ನಡುವೆ ಅದೇ ಕಾಲದಲ್ಲಿ ಗೀಗೀ ಪದ, ಡೊಳ್ಳಿನ ಪದ, ಭಜನಿ ಪದ, ಶ್ರೀಕೃಷ್ಣ ಪಾರಿಜಾತಗಳು ಕ್ಯಾಸೆಟ್ಟಿಗೆ ಏರಿದವು. ಗುರುರಾಜ ಹೊಸಕೋಟಿ ಅವರ ಜಾನಪದ ಹಾಡುಗಳು ಬಸ್ ನಿಲ್ದಾಣದ ಚಹಾ ಅಂಗಡಿಗಳಲ್ಲಿ ದಿನವಿಡೀ ತಿರುಗುತ್ತಿದ್ದ ಕಾಲ ಅದು. ನಾಟಕವಂತೂ ಈ ಮಣ್ಣಿನದೇ ಬೆಳೆ. ‘ರಕ್ತರಾತ್ರಿ’ಯ ಕಂದಗಲ್ಲ ಹನುಮಂತರಾಯರು, ‘ಸಂಪತ್ತಿಗೆ ಸವಾಲ್’ ಬರೆದ ಸೂಳೇಭಾವಿಯ ಪಿ.ಬಿ. ಧುತ್ತರಗಿ ಇಬ್ಬರೂ ಹಳೆಯ ಹುನಗುಂದ ತಾಲ್ಲೂಕಿನವರು. ಪುಷ್ಯಮಾಸದ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಬಾದಾಮಿ ಬದಿಯ ಬಯಲಿನಲ್ಲಿ ಡೇರೆ ಹೊಡೆದು ತಿಂಗಳುಗಟ್ಟಲೆ ಆಡುತ್ತವೆ. ಅಲ್ಲಿ ಧ್ವನಿವರ್ಧಕದ ತಂತಿಗೆ ಒಂದು ಟೇಪ್ ರೆಕಾರ್ಡರ್ ಜೋಡಿಸಿದರೆ ರಂಗಗೀತೆ, ಮಾತು, ಸಿಳ್ಳೆ, ಎಲ್ಲ ಒಟ್ಟಿಗೆ ಬರುತ್ತಿತ್ತು. ಮಲ್ಟಿಟ್ರ್ಯಾಕಿನ ಶಿಸ್ತಿಗೆ ಅದು ಅಪಚಾರ. ದಾಖಲೆಯ ದೃಷ್ಟಿಯಿಂದ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಆ ಕ್ಯಾಸೆಟ್ ತಲೆಮಾರಿನ ಧ್ವನಿಮುದ್ರಕರಲ್ಲಿ ಎರಡು ಪಂಥಗಳಿದ್ದವು. ಮೊದಲನೆಯದು ಸಿನಿಮಾದಿಂದ ಕಲಿತದ್ದು: ಮೊದಲು ತಾಳ, ಆಮೇಲೆ ಪೇಟಿ, ಕೊನೆಗೆ ಹೆಡ್‌ಫೋನ್ ಹಾಕಿಕೊಂಡ ಗಾಯಕ. ಸಿನಿಮಾಗೀತೆಗೆ ಸರಿ. ಗೀಗೀ ಪದವನ್ನು ಹೀಗೆ ಮಾಡಿದರೆ ಅದು ಉಳಿಯುವುದಿಲ್ಲ. ಮುಖ್ಯ ಹಾಡುಗಾರ್ತಿಯ ಸಾಲು ಮುಗಿಯುವ ಮುನ್ನವೇ ಹಿಮ್ಮೇಳ ‘ಜೀ’ ಎಂದು ಎತ್ತಿಕೊಳ್ಳಬೇಕು. ದಪ್ಪಿನವನು ಅವಳ ಉಸಿರು ನೋಡಿ ಕೈ ಎತ್ತಬೇಕು. ಬೇರೆ ಬೇರೆ ದಿನ ಮುದ್ರಿಸಿದ ಟ್ರ್ಯಾಕುಗಳಲ್ಲಿ ಆ ಹೆಣಿಗೆ ಕೂಡದು. ಎರಡನೆಯ ಪಂಥ ಎಲ್ಲರನ್ನೂ ಒಟ್ಟಿಗೆ ಹಾಡಿಸಿ, ನಾಲ್ಕು ಟ್ರ್ಯಾಕನ್ನು ಬರಿಯ ಪಾಲಿಗಾಗಿ ಬಳಸಿತು: ಹಾಡು, ಹಿಮ್ಮೇಳ, ಚರ್ಮವಾದ್ಯ, ಕೋಣೆಯ ದನಿ. ಒಂದರ ಸದ್ದು ಇನ್ನೊಂದರಲ್ಲಿ ಸೋರುತ್ತದೆ, ಸೋರಲಿ; ಆಮೇಲೆ ತೂಕ ಸರಿಪಡಿಸಲು ಅಷ್ಟು ಬೇರ್ಪಟ್ಟರೆ ಸಾಕು. ಈ ಸೀಮೆಯ ಸಂಗೀತಕ್ಕೆ ಒಗ್ಗಿದ್ದು ಇದೇ ವಿಧಾನ, ಇಂದಿಗೂ ಅದೇ. ನಾಲ್ಕಕ್ಕಿಂತ ಹೆಚ್ಚು ಟ್ರ್ಯಾಕು ಬೇಕೆಂಬ ಹಂಬಲ ಬಹುಮಟ್ಟಿಗೆ ಹಾಡಿನ ಅಗತ್ಯವಲ್ಲ, ಯಂತ್ರದ ಜಾಹೀರಾತು.

1991ರಲ್ಲಿ ಅಲೆಸಿಸ್ ಕಂಪನಿ ಪ್ರಕಟಿಸಿದ ಎಡ್ಯಾಟ್, ವಿಡಿಯೋ ಕ್ಯಾಸೆಟ್ಟಿನ ಮೇಲೆ ಎಂಟು ಡಿಜಿಟಲ್ ಟ್ರ್ಯಾಕು ಬರೆಯಿತು. ಹಿಂದೆಯೇ ಕಂಪ್ಯೂಟರ್ ಬಂತು. 2005ರ ಹೊತ್ತಿಗೆ ಅಮೆರಿಕದ ಕ್ವಾಂಟೆಜಿ ಕಾರ್ಖಾನೆ ಬಾಗಿಲು ಮುಚ್ಚಿದಾಗ ಸ್ಟುಡಿಯೋ ಟೇಪೇ ಸಿಗದ ದಿನಗಳೂ ಇದ್ದವು. ಈಗ ಫ್ರಾನ್ಸಿನ ರೆಕಾರ್ಡಿಂಗ್ ದಿ ಮಾಸ್ಟರ್ಸ್ ಮತ್ತು ಅಮೆರಿಕದ ಎಟಿಆರ್ ಮ್ಯಾಗ್ನೆಟಿಕ್ಸ್ ಹೊಸ ಟೇಪು ಮಾಡುತ್ತಿವೆ. ಹತ್ತೂವರೆ ಇಂಚಿನ ಒಂದು ಸುರುಳಿ, ಅಂದರೆ 2,500 ಅಡಿ ಟೇಪು, 38 ಸೆಂಟಿಮೀಟರ್ ವೇಗದಲ್ಲಿ 33 ನಿಮಿಷಕ್ಕೆ ಮುಗಿಯುತ್ತದೆ. ಕೊಳ್ಳುವವರು ಯಂತ್ರದ ಬೆಲೆ ಕೇಳುವ ಮುನ್ನ ಈ ಲೆಕ್ಕ ಹಾಕಬೇಕು.

ಯಂತ್ರದಲ್ಲಿ ಮೊದಲು ನೋಡಬೇಕಾದದ್ದು ಹೆಡ್ಡು. ಬೆಲ್ಟು ಸಿಗುತ್ತದೆ, ಕೆಪಾಸಿಟರ್ ಬದಲಿಸಬಹುದು, ಜಿಗುಟಾದ ಪಿಂಚ್ ರೋಲರಿಗೆ ಹೊಸ ರಬ್ಬರ್ ಕೂರಿಸಬಹುದು. ಎಂಟು ಟ್ರ್ಯಾಕಿನ ಹೆಡ್ಡು ಮಾತ್ರ ಹೊಸದು ಸಿಗದು. ಅದರ ಮುಖದಲ್ಲಿ ಸಮತಟ್ಟಾದ ಸವೆತ ಅಗಲವಾಗಿದ್ದರೆ, ಅಂಚಿನಲ್ಲಿ ಮೆಟ್ಟಿಲು ಉಗುರಿಗೆ ತಾಗುವಷ್ಟಿದ್ದರೆ, ಯಂತ್ರ ಪುಕ್ಕಟೆ ಬಂದರೂ ದುಬಾರಿಯೇ. ಎರಡನೆಯದು ಮೋಟರು. ಅಮೆರಿಕದಿಂದ ತರಿಸಿದ ಯಂತ್ರ 120 ವೋಲ್ಟ್, 60 ಹರ್ಟ್ಸ್‌ನದು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಆವರ್ತನವನ್ನು ಮುಟ್ಟುವುದಿಲ್ಲ. ಎಸಿ ಸಿಂಕ್ರೋನಸ್ ಮೋಟರಿದ್ದರೆ 50 ಹರ್ಟ್ಸ್‌ನಲ್ಲಿ ಟೇಪು ಆರರಲ್ಲಿ ಒಂದು ಪಾಲು ನಿಧಾನವಾಗುತ್ತದೆ. ಪುಲ್ಲಿ ಬದಲಿಸದೆ ಗತಿಯಿಲ್ಲ. ಡಿಸಿ ಸರ್ವೋ ಮೋಟರಿಗೆ ಈ ಪೀಡೆ ಇಲ್ಲ.

ಹಳೆಯ ಟೇಪುಗಳನ್ನು ಓದುವಾಗಲೂ ಇದೇ ಲೆಕ್ಕ ಎದುರಾಗುತ್ತದೆ. ತೊಂಬತ್ತರ ದಶಕದಲ್ಲಿ ದಕ್ಷಿಣದ ವಿದ್ಯುತ್ ಜಾಲದ ಆವರ್ತನ 50ಕ್ಕಿಂತ ಎಷ್ಟೋ ಸಲ ಕೆಳಗಿಳಿಯುತ್ತಿತ್ತು. 48.5 ಹರ್ಟ್ಸ್‌ನಲ್ಲಿ ಸಿಂಕ್ರೋನಸ್ ಯಂತ್ರ ಬರೆದ ಹಾಡು ಇಂದು ಸರಿಯಾದ 50ರಲ್ಲಿ ಅರ್ಧ ಸ್ವರದಷ್ಟಲ್ಲದಿದ್ದರೂ ಅದರ ಅರ್ಧದಷ್ಟು ಏರಿ ಕೇಳುತ್ತದೆ. ಟೇಪಿನೊಳಗಿನ ವಿದ್ಯುತ್ ಗುಂಯ್ ಸದ್ದೂ ಅಷ್ಟೇ ಏರುವುದರಿಂದ ಅದನ್ನು ಸಾಕ್ಷಿ ಹಿಡಿಯುವಂತಿಲ್ಲ. ನಂಬಬಹುದಾದದ್ದು ಪೇಟಿಯ ಶ್ರುತಿ. ನಾಟಕ ಕಂಪನಿಯ ಪೇಟಿ ಉಳಿದಿದ್ದರೆ ಅದರೊಂದಿಗೆ ಹೋಲಿಸಿ ವೇಗ ಸರಿಪಡಿಸಬಹುದು.

ಸ್ಥಳದ ಕಷ್ಟಗಳೂ ಇವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೆಕೆ, ಎರೆಮಣ್ಣಿನ ದೂಳು, ಇಳಕಲ್ಲಿನಲ್ಲಿ ಗ್ರಾನೈಟ್ ಕೊಯ್ಯುವ ಪುಡಿ. ಈ ಪುಡಿ ಹೆಡ್ಡಿಗೆ ಅರದಂತೆ ಕೆಲಸ ಮಾಡುತ್ತದೆ. ನೇಕಾರ ಓಣಿಗಳಲ್ಲಿ ಮಗ್ಗದ ಸದ್ದು ಗೋಡೆಯೊಳಗಿಂದ ಬರುವುದರಿಂದ ಮೌನದ ಮುದ್ರಣ ರಾತ್ರಿಯ ಕೆಲಸ. ಯಂತ್ರಕ್ಕೆ ಮುಚ್ಚಳ, ವೋಲ್ಟೇಜ್ ಸ್ಟೆಬಿಲೈಜರ್, ದಿನವೂ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಹೆಡ್ಡು ಒರೆಸುವ ಅಭ್ಯಾಸ, ತಿಂಗಳಿಗೊಮ್ಮೆ ಕ್ಯಾಲಿಬ್ರೇಶನ್ ಟೇಪಿನಿಂದ ಪರೀಕ್ಷೆ: ಇಷ್ಟಕ್ಕೆ ತಯಾರಿಲ್ಲದವರಿಗೆ ಕಂಪ್ಯೂಟರಿನ ಪ್ಲಗಿನ್ನೇ ಮೇಲು.

ಯಂತ್ರ ಕೊಳ್ಳಲು ಬಿಸುಪಿಗಿಂತ ಗಟ್ಟಿಯಾದ ಕಾರಣ ಇನ್ನೊಂದಿದೆ. ಬಹುಟ್ರ್ಯಾಕಿನ ಟೇಪನ್ನು ಅದೇ ಅಗಲ, ಅದೇ ಟ್ರ್ಯಾಕು, ಅದೇ ವೇಗ, ಅದೇ ನಾಯ್ಸ್ ರಿಡಕ್ಷನ್ ಇರುವ ಯಂತ್ರವಷ್ಟೇ ಓದಬಲ್ಲದು. ಪೋರ್ಟಾಸ್ಟುಡಿಯೋ ಕ್ಯಾಸೆಟ್ಟನ್ನು ಮನೆಯ ಟೇಪ್ ರೆಕಾರ್ಡರಿಗೆ ಹಾಕಿದರೆ ಒಂದು ಬದಿ ಅರ್ಧ ವೇಗದಲ್ಲಿ, ಇನ್ನೊಂದು ಬದಿ ತಿರುಗುಮುರುಗಾಗಿ ಕೇಳುತ್ತದೆ. ಕೆಟ್ಟದ್ದೆಂದು ಎಸೆಯುವುದು ಸಹಜ. ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ಓಣಿಗಳು ಖಾಲಿಯಾಗಿ ನವನಗರ ಎದ್ದಿತು. ಅಂಥ ಮನೆ ಬದಲಾವಣೆಯಲ್ಲಿ ಮೊದಲು ಹೊರಬೀಳುವುದು ಓಡದ ಯಂತ್ರ, ಹೆಸರು ಬರೆಯದ ಟೇಪು. ಹೊಸ ಹಾಡಿಗೆ ಹಳೆಯ ಯಂತ್ರ ಹುಡುಕುವ ಉತ್ಸಾಹದ ಕಾಲುಭಾಗ ಹಳೆಯ ಹಾಡಿಗೆ ಸಂದರೆ ಸಾಕಿತ್ತು. ಪಾರಿಜಾತದ ಮೇಳಗಳ, ನಾಟಕ ಕಂಪನಿಗಳ ಟೇಪುಗಳನ್ನು ಓದುವ ಯಂತ್ರವೂ ಅದನ್ನು ರಿಪೇರಿ ಮಾಡಬಲ್ಲ ಕೈಯೂ ಒಂದೇ ಕಡೆ ಇರುವ ಏರ್ಪಾಡು ಜಿಲ್ಲೆಗೆ ಬೇಕು. ಮನೆ ಸ್ಟುಡಿಯೋ ಅದರ ಮೊದಲ ಹೆಜ್ಜೆ ಆಗಬಲ್ಲದು.

ಆದ್ದರಿಂದ ಕೊಳ್ಳುವವರು ಮೊದಲು ತಮ್ಮೂರಿನ ಅಟ್ಟಗಳಲ್ಲಿ ಯಾವ ಅಗಲದ ಟೇಪು ಇದೆ ಎಂದು ವಿಚಾರಿಸಿ, ಅದಕ್ಕೆ ಹೊಂದುವ ಯಂತ್ರವನ್ನೇ ಆರಿಸಲಿ. ಟೇಪು ಇಟ್ಟುಕೊಂಡವರಿಗೂ ಒಂದು ಮಾತು: ಸುರುಳಿ ಸಿಕ್ಕಿತೆಂದು ಕೂಡಲೇ ತಿರುಗಿಸಬೇಡಿ. ಎಪ್ಪತ್ತರ ದಶಕದ ನಡುವಿನಿಂದ ತೊಂಬತ್ತರ ಆರಂಭದವರೆಗಿನ ಆಂಪೆಕ್ಸ್ 456ರಂಥ ಟೇಪುಗಳ ಅಂಟು ತೇವ ಹೀರಿ ಜಿಗುಟಾಗಿರುತ್ತದೆ. ಓಡಿಸಿದರೆ ಹಾಡು ಪುಡಿಯಾಗಿ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಅವನ್ನು ಸುಮಾರು 54 ಡಿಗ್ರಿಯ ಸಮ ಶಾಖದಲ್ಲಿ ಎಂಟು ತಾಸು ಇಟ್ಟು, ಆರಿದ ಮೇಲೆ ಒಮ್ಮೆ ಓಡಿಸಿ ಡಿಜಿಟಲ್ ಪ್ರತಿ ಮಾಡಿಕೊಳ್ಳಬೇಕು; ಅದೂ ತಿಳಿದವರ ಕೈಯಲ್ಲಿ. ಬೆಳಕಿಗೆ ಹಿಡಿದಾಗ ಸುರುಳಿ ಅರೆಪಾರದರ್ಶಕವಾಗಿ ಕಂಡರೆ ಅದು ಅಸಿಟೇಟ್ ಟೇಪು. ಅದಕ್ಕೆ ಶಾಖ ತಗಲಿಸಲೇಬಾರದು.