ಗೋಡೆ ಎಂಬ ಮನೆತನದ ಹೆಸರು

ಬಾರ್ಸಿಲೋನಾದ ಹಳೇಪೇಟೆಯಲ್ಲಿ, ಕೆಥೆಡ್ರಲ್ ಹಿಂದಿನ ಓಣಿಗಳಲ್ಲಿ ದಾರಿ ತಪ್ಪಿದವರು ಒಂದಲ್ಲ ಒಂದು ಸಲ ಸಾಂತ್ ಫೆಲಿಪ್ ನೆರಿ ಎಂಬ ಪುಟ್ಟ ಚೌಕಕ್ಕೆ ಬಂದು ಸೇರುತ್ತಾರೆ. ನಾನೂ ಹಾಗೆಯೇ ಸೇರಿದೆ. ನಡುವೆ ಒಂದು ಕಾರಂಜಿ, ಸ್ವಲ್ಪ ನೆರಳು, ಪಕ್ಕದ ಶಾಲೆಯಿಂದ ಬಿಟ್ಟ ಮಕ್ಕಳ ಗಲಾಟೆ. ಎದುರಿನ ಚರ್ಚಿನ ಗೋಡೆ ಮಾತ್ರ ಸಿಡುಬೆದ್ದು ಹೋದ ಮುಖದಂತೆ ಆಳೆತ್ತರದವರೆಗೂ ಕುಳಿಬಿದ್ದಿದೆ. 1938ರ ಜನವರಿ 30ರಂದು ಫ್ರಾಂಕೋ ಪರವಾಗಿ ಹಾರುತ್ತಿದ್ದ ಇಟಲಿಯ ವಿಮಾನಗಳು ಇಲ್ಲಿ ಬಾಂಬು ಹಾಕಿದವು. 42 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಯುದ್ಧ ಗೆದ್ದವರ ಕಾಲದಲ್ಲಿ ಇದೇ ಕುಳಿಗಳಿಗೆ ಇನ್ನೊಂದು ಕಥೆ ಅಂಟಿಕೊಂಡಿತು. ಸೋತವರು ಪಾದ್ರಿಗಳನ್ನು ಸಾಲಾಗಿ ನಿಲ್ಲಿಸಿ ಗುಂಡಿಕ್ಕಿದ ಗುರುತುಗಳು ಇವು ಎಂದು. ಈಗ ಅಲ್ಲೊಂದು ಫಲಕವಿದೆ, ನಿಜವನ್ನು ಹೇಳುತ್ತದೆ. ಆದರೆ ಎಷ್ಟೋ ವರ್ಷ ಆ ಗೋಡೆ ತನ್ನ ಮೈಮೇಲಿನ ಗಾಯಕ್ಕೆ ಪರರು ಬರೆದ ಸುಳ್ಳು ಟಿಪ್ಪಣಿಯನ್ನು ಹೊತ್ತುಕೊಂಡೇ ನಿಂತಿತ್ತು.

ಆ ಬಾಂಬು ಬಿದ್ದಾಗ ಅದೇ ಊರಿನ ಆಂಟೊನಿ ತಾಪಿಯೆಸ್ ಎಂಬ ಹುಡುಗನಿಗೆ ಹದಿನಾಲ್ಕು ವರ್ಷ. ನಾನು ಬಾರ್ಸಿಲೋನಾಕ್ಕೆ ಹೋದದ್ದು ಅವನ ಚಿತ್ರಗಳಿಗಾಗಿ.

ತಾಪಿಯೆಸ್ ಹೆಸರು ನನಗೆ ಮೊದಲು ಕೇಳಿಸಿದ್ದು ಕಲಾ ಇತಿಹಾಸದ ತರಗತಿಯಲ್ಲಿ. ಮೇಷ್ಟ್ರು ಒಂದು ಸ್ಲೈಡ್ ಹಾಕಿದರು. ಬೂದುಬಣ್ಣದ ಮೈ, ಅಲ್ಲಲ್ಲಿ ಗೀರು, ಒಂದೆರಡು ತೂತು. ಹತ್ತು ನಿಮಿಷ ಪಾಠ ಮಾಡಿದ ಮೇಲೆ ಸ್ಲೈಡ್ ತಲೆಕೆಳಗಾಗಿದೆ ಎಂದು ಅವರಿಗೇ ಹೊಳೆಯಿತು. ತಿರುಗಿಸಿ ಹಾಕಿದರು. ನಾವೆಲ್ಲ ನಕ್ಕೆವು, ಅವರೂ ನಕ್ಕರು. ನನ್ನ ಪಕ್ಕದ ಗೆಳೆಯ, “ಇದನ್ನ ನಮ್ಮನೆ ಬಚ್ಚಲ ಗೋಡೆ ಮೇಲೆ ದಿನಾ ನೋಡ್ತೀನಿ ಕಣೋ” ಎಂದ. ಅವನು ತಮಾಷೆಗೆ ಹೇಳಿದ್ದು. ಆದರೆ ತಾಪಿಯೆಸ್‌ಗೆ ಯಾರಾದರೂ ಹಾಗೆ ಹೇಳಿದ್ದರೆ ಆತ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ ಎಂಬುದು ನನಗೆ ಗೊತ್ತಾಗಲು ತುಂಬ ವರ್ಷ ಹಿಡಿಯಿತು. ಕತಲಾನ್ ಭಾಷೆಯಲ್ಲಿ ‘ತಾಪಿಯ’ ಎಂದರೆ ಗೋಡೆ, ಅದರಲ್ಲೂ ಆವರಣದ ಗೋಡೆ. ‘ತಾಪಿಯೆಸ್’ ಅದರ ಬಹುವಚನ. ಮನುಷ್ಯನ ಮನೆತನದ ಹೆಸರೇ ಗೋಡೆಗಳು!

ಬೀದಿಗೋಡೆಯ ಗೀಚುಬರಹವನ್ನು ಕಲೆಯ ಕಣ್ಣಿನಿಂದ ನೋಡಿದವರಲ್ಲಿ ತಾಪಿಯೆಸ್ ಮೊದಲಿಗನಲ್ಲ. ಗ್ರಾಫಿಟಿ ಎಂದೊಡನೆ ನಮಗೆ ನೆನಪಾಗುವುದು ನ್ಯೂಯಾರ್ಕಿನ ರೈಲುಡಬ್ಬಿಗಳು, ಸ್ಪ್ರೇ ಡಬ್ಬ, ಬಾಸ್ಕಿಯಾ. ಅದಕ್ಕೆ ನಲವತ್ತು ವರ್ಷ ಮೊದಲೇ, ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಹಂಗೇರಿಯ ಛಾಯಾಗ್ರಾಹಕ ಬ್ರಸಾಯ್ ಗೋಡೆಗಳ ಮೇಲೆ ಚಾಕುವಿನಿಂದ, ಮೊಳೆಯಿಂದ ಕೆತ್ತಿದ ಮುಖಗಳನ್ನೂ ಹೃದಯಗಳನ್ನೂ ತಲೆಬುರುಡೆಗಳನ್ನೂ ಹುಡುಕಿ ಹುಡುಕಿ ಫೋಟೊ ತೆಗೆಯುತ್ತಿದ್ದ. ಸಿಕ್ಕ ಜಾಗದ ವಿಳಾಸವನ್ನು ಪುಟ್ಟ ಪುಸ್ತಕದಲ್ಲಿ ಬರೆದಿಟ್ಟುಕೊಂಡು ವರ್ಷಗಳ ನಂತರ ಮತ್ತೆ ಹೋಗಿ ನೋಡುತ್ತಿದ್ದನಂತೆ, ಗೀರು ಬೆಳೆದಿದೆಯೋ ಸತ್ತಿದೆಯೋ ಎಂದು. 1933ರಲ್ಲಿ ‘ಮಿನೊತೋರ್’ ಪತ್ರಿಕೆಯಲ್ಲಿ ಆ ಫೋಟೊಗಳು ಬಂದವು. 1956ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅವುಗಳದ್ದೇ ಪ್ರದರ್ಶನ ಮಾಡಿತು. ಚಿತ್ರಕಾರ ದ್ಯುಬುಫೆ 1945ರಲ್ಲಿ ಗೋಡೆಗಳನ್ನೇ ವಸ್ತುವಾಗಿಟ್ಟುಕೊಂಡು ಕಲ್ಲಚ್ಚಿನ ಚಿತ್ರಗಳ ಸರಣಿ ಮಾಡಿದ. ಇವರಿಬ್ಬರೂ ಗೋಡೆಯಲ್ಲಿ ಕಂಡದ್ದು ಹೆಚ್ಚಾಗಿ ಆದಿಮಾನವನನ್ನು, ಮಗುವನ್ನು, ಕಲೆ ಕಲಿಯದವನ ಕೈಯನ್ನು. ಅದು ಚೆಂದವೇ. ಆದರೆ ಬಾರ್ಸಿಲೋನಾದ ಗೋಡೆಗಳ ಕಥೆ ಅಷ್ಟು ಮುಗ್ಧವಾದದ್ದಲ್ಲ.

1939ರ ಜನವರಿ 26ರಂದು ಫ್ರಾಂಕೋ ಸೈನ್ಯ ಊರೊಳಗೆ ಬಂತು. ಕತಲಾನ್ ಭಾಷೆಯನ್ನು ಶಾಲೆಯಿಂದ, ಕಚೇರಿಯಿಂದ, ಪತ್ರಿಕೆಗಳಿಂದ ಹೊರಗಟ್ಟಲಾಯಿತು. ಬೀದಿಗಳ ಹೆಸರು ಬದಲಾದವು. ಸಾಮ್ರಾಜ್ಯದ ಭಾಷೆಯಲ್ಲೇ ಮಾತಾಡಬೇಕೆಂಬ ಸೂಚನೆಗಳು ಬಂದವು. ಮನೆಯಲ್ಲಿ ಒಂದು ಭಾಷೆ, ಬಾಗಿಲು ದಾಟಿದರೆ ಇನ್ನೊಂದು. ಗೋಡೆಗಳ ಮೇಲೂ ಸರ್ಕಾರದ್ದೇ ಬರಹ. ಅಚ್ಚುಹಾಳೆ ಇಟ್ಟು ಬಳಿದ ಫ್ರಾಂಕೋ ಮುಖ, ನೊಗ ಮತ್ತು ಬಾಣಗಳ ಗುರುತು, ಸ್ಪೇನಿಗೆ ಜಯಕಾರ. ಗೋಡೆಬರಹವೆಂದರೆ ಯಾವಾಗಲೂ ದಿಕ್ಕಿಲ್ಲದವರ ದನಿ ಎಂದು ನಾವು ಭಾವಿಸುತ್ತೇವೆ. ಗೋಡೆಗೆ ಆ ನಿಯತ್ತಿಲ್ಲ, ಬ್ರಶ್ ಯಾರ ಕೈಯಲ್ಲಿದೆಯೋ ಅವರ ಮಾತನ್ನು ಅದು ಹೇಳುತ್ತದೆ. ಅದಕ್ಕೆ ಉತ್ತರವಾಗಿ ರಾತ್ರಿ ಹೊತ್ತು ಇನ್ನೊಂದು ಕೈ ಬರುತ್ತಿತ್ತು, ಅವಸರದಲ್ಲಿ ಏನೋ ಗೀಚಿ ಓಡುತ್ತಿತ್ತು. ಬೆಳಗಾಗುವುದರೊಳಗೆ ಅದರ ಮೇಲೆ ಸುಣ್ಣ. 1960ರಲ್ಲಿ ಪಲಾವು ಸಂಗೀತ ಸಭಾಂಗಣದಲ್ಲಿ ಮಂತ್ರಿಗಳ ಎದುರೇ ಜನ ಎದ್ದು ನಿಷೇಧಿತ ಕತಲಾನ್ ಹಾಡು ಹಾಡಿದರು. ಆ ಪ್ರಕರಣದಲ್ಲಿ ಜೊರ್ದಿ ಪುಜೊಲ್ ಎಂಬ ತರುಣನಿಗೆ ಮಿಲಿಟರಿ ನ್ಯಾಯಾಲಯ ಏಳು ವರ್ಷ ಜೈಲು ವಿಧಿಸಿದಾಗ ಅವನ ಹೆಸರೂ ಕತಲೂನ್ಯ ಎಂಬ ಪದವೂ ಜೋಡಿಯಾಗಿ ಗೋಡೆಗೋಡೆಗಳ ಮೇಲೆ ಕಾಣಿಸಿಕೊಂಡವು. ಆ ತರುಣ ಮುಂದೆ 1980ರಿಂದ 2003ರವರೆಗೆ ಕತಲೂನ್ಯದ ಅಧ್ಯಕ್ಷನಾದ.

ತಾಪಿಯೆಸ್‌ಗೆ ಹದಿನೆಂಟರ ಸುಮಾರಿಗೆ ಶ್ವಾಸಕೋಶದ ಕಾಯಿಲೆ ಹಿಡಿಯಿತು. ತಿಂಗಳುಗಟ್ಟಲೆ ಹಾಸಿಗೆ. ಓದುವುದು, ವಾನ್ ಗೋ, ಪಿಕಾಸೊ ಚಿತ್ರಗಳನ್ನು ನೋಡಿ ನಕಲು ಮಾಡುವುದು. ತಂದೆ ವಕೀಲರು, ಮಗನೂ ಕಾನೂನು ಓದಲು ಸೇರಿದ, ಮುಗಿಸಲಿಲ್ಲ. 1948ರಲ್ಲಿ ಕವಿ ಜೊಆನ್ ಬ್ರೊಸ್ಸಾ ಮೊದಲಾದ ಗೆಳೆಯರೊಂದಿಗೆ ‘ದೌ ಅಲ್ ಸೆತ್’ ಎಂಬ ಗುಂಪು ಕಟ್ಟಿದ. ದಾಳದ ಏಳನೆಯ ಮುಖ ಎಂದು ಅದರ ಅರ್ಥ. ಆ ಕಾಲದ ಅವನ ಚಿತ್ರಗಳಲ್ಲಿ ಮಾಯಾಜಾಲ, ಚಂದ್ರ, ವಿಚಿತ್ರ ಪ್ರಾಣಿಗಳು. ನನಗೆ ಅವು ಅಷ್ಟು ಹಿಡಿಸುವುದಿಲ್ಲ, ಪಾವ್ಲ್ ಕ್ಲೇ ಮತ್ತು ಮಿರೊ ಅವರ ಮನೆಯಲ್ಲಿ ಬಾಡಿಗೆಗೆ ಇದ್ದಂತೆ ಕಾಣುತ್ತವೆ.

ನಂತರ 1953ರಿಂದ 1955ರ ನಡುವೆ ಏನೋ ಆಯಿತು. ಅವನು ಬಣ್ಣಕ್ಕೆ ಅಮೃತಶಿಲೆಯ ಪುಡಿ ಬೆರೆಸತೊಡಗಿದ. ಜೊತೆಗೆ ಮರಳು, ಅಂಟು, ವಾರ್ನಿಶ್. ಕ್ಯಾನ್ವಾಸನ್ನು ನೆಲದ ಮೇಲೆ ಹಾಸಿ ಈ ಗಾರೆಯನ್ನು ದಪ್ಪಗೆ ಹರಡುವುದು, ಒಣಗುವ ಮುಂಚೆ ಚಾಕುವಿನಿಂದ ಗೀರುವುದು, ಬೆರಳಿನಿಂದ ಚುಚ್ಚುವುದು, ಕೆರೆಯುವುದು. ಕೆಲವು ಕಡೆ ದಾರ, ಬಟ್ಟೆ, ಹುಲ್ಲು ಅಂಟಿಸುವುದು. ಮಿಶ್ರ ಮಾಧ್ಯಮ ಎಂದು ಇಂದು ಗ್ಯಾಲರಿಯ ಚೀಟಿಯ ಮೇಲೆ ಬರೆಯುವುದು ಇದನ್ನೇ. ಈ ಕೆಲಸ ಚಿತ್ರಕಾರನದ್ದಕ್ಕಿಂತ ಗಾರೆಯವನದ್ದಕ್ಕೆ ಹತ್ತಿರ. ಎಣ್ಣೆಬಣ್ಣದಲ್ಲಿ ಗೋಡೆಯ ಚಿತ್ರ ಬರೆದರೆ ಅದು ಗೋಡೆಯ ಚಿತ್ರ ಮಾತ್ರ. ಇಲ್ಲಿ ಗೀರು ಗೀರಿನ ಚಿತ್ರವಲ್ಲ, ಗೀರೇ. ಬೆಳಕು ಪಕ್ಕದಿಂದ ಬಿದ್ದರೆ ಅದಕ್ಕೆ ನೆರಳಿದೆ. ತರಗತಿಯ ಸ್ಲೈಡಿನಲ್ಲಿ ಕಾಣದೆ ಹೋದದ್ದು ಇದೇ.

ಈ ಬದಲಾವಣೆಯನ್ನು ಅವನೇ 1969ರ ಒಂದು ಪ್ರಬಂಧದಲ್ಲಿ ವಿವರಿಸಿದ್ದಾನೆ. ‘ಗೋಡೆಯ ಮೇಲಿನ ಸಂವಹನ’ ಎಂದು ಅದರ ಶೀರ್ಷಿಕೆ. ಸಿಟ್ಟಿನಿಂದ ಗೀರಿ ಗೀರಿ ಒಂದು ಹಂತದಲ್ಲಿ ಆ ಸಾವಿರ ಗಾಯಗಳು ಒಂದರಲ್ಲೊಂದು ಕರಗಿ ಇಡೀ ಮೈ ಒಂದೇ ಮೌನವಾಗಿ ನಿಂತಿತೆಂದೂ, ಕಣ್ಣೆತ್ತಿ ನೋಡಿದರೆ ಎದುರಿಗಿದ್ದದ್ದು ಗೋಡೆಯೆಂದೂ ಅದರ ಸಾರಾಂಶ. ಯುದ್ಧದ ಹೊತ್ತಿನಲ್ಲಿ ಹುಡುಗನಾಗಿ ತಾನು ಕಂಡ ಊರಗೋಡೆಗಳು ತನ್ನ ಜನರ ನೋವಿಗೆಲ್ಲ ಸಾಕ್ಷಿಯಾಗಿದ್ದವು ಎಂದೂ ಹೇಳುತ್ತಾನೆ. ತನ್ನ ಹೆಸರಿನ ಅರ್ಥದ ಕಾಕತಾಳೀಯವೂ ಅವನ ಗಮನ ತಪ್ಪಿಲ್ಲ. ಕಲಾವಿದರು ತಮ್ಮ ಬಗ್ಗೆ ಹಿನ್ನೋಟದಲ್ಲಿ ಕಟ್ಟುವ ಕಥೆಗಳನ್ನು ನಾನು ಸ್ವಲ್ಪ ಅನುಮಾನದಿಂದಲೇ ಓದುತ್ತೇನೆ. ಆದರೆ ಈ ಕಥೆಯನ್ನು ಚಿತ್ರಗಳೇ ಬೆಂಬಲಿಸುತ್ತವೆ. ಅವುಗಳ ಮೇಲೆ ಅಲ್ಲಲ್ಲಿ ಒಂದು ಶಿಲುಬೆ, ಒಂದು ಗುಣಾಕಾರ ಚಿಹ್ನೆ, ಒಂದು ‘ಎ’, ಒಂದು ‘ಟಿ’. ಆಂಟೊನಿ ಮತ್ತು ಹೆಂಡತಿ ತೆರೇಸಾ ಎನ್ನಿ, ತಾಪಿಯೆಸ್ ಎನ್ನಿ, ಶಿಲುಬೆಯೇ ಎನ್ನಿ. ಪೂರ್ತಿ ಪದ ಮಾತ್ರ ಇರುವುದಿಲ್ಲ. ಯಾರೋ ಬರೆಯಲು ಶುರುಮಾಡಿದ್ದರು, ಬೂಟಿನ ಸದ್ದು ಕೇಳಿ ಓಡಿಹೋದರು ಎಂಬಂತೆ.

ಇಲ್ಲಿ ಒಂದು ಪೇಚು ಇದೆ, ಅದು ನನ್ನನ್ನು ಬಹಳ ದಿನ ಕಾಡಿದೆ. ಪದವಿಲ್ಲದ ಚಿತ್ರವನ್ನು ಸೆನ್ಸಾರ್‌ನವನು ಏನು ಮಾಡಬೇಕು? ಏನೂ ಮಾಡಬೇಕಿಲ್ಲ. 1951ರಲ್ಲಿ ಮ್ಯಾಡ್ರಿಡ್‌ನ ದೊಡ್ಡ ಪ್ರದರ್ಶನವೊಂದರಲ್ಲಿ ಫ್ರಾಂಕೋ ಹೊಸ ಚಿತ್ರಕಾರರ ಕೋಣೆಗೆ ಬಂದಾಗ, ಇದು ಕ್ರಾಂತಿಕಾರಿಗಳ ಕೋಣೆ ಎಂದು ಯಾರೋ ಪರಿಚಯಿಸಿದರಂತೆ. ಕ್ರಾಂತಿಯನ್ನು ಹೀಗೇ ಮಾಡುತ್ತಿದ್ದರೆ ತೊಂದರೆಯಿಲ್ಲ ಎಂದನಂತೆ ಆತ. ದಂತಕಥೆಯಂತೆ ಬಾಯಿಂದ ಬಾಯಿಗೆ ಬಂದ ಪ್ರಸಂಗ ಇದು, ಆದರೆ ಅದರೊಳಗಿನ ಲೆಕ್ಕಾಚಾರ ಸುಳ್ಳಲ್ಲ. ಯುರೋಪಿನಲ್ಲಿ ಒಂಟಿಯಾಗಿದ್ದ ಸರ್ಕಾರಕ್ಕೆ ತಾನು ಆಧುನಿಕನೆಂದು ತೋರಿಸಿಕೊಳ್ಳಬೇಕಿತ್ತು. 1958ರ ವೆನಿಸ್ ಬಿನಾಲೆಯಲ್ಲಿ ಸ್ಪೇನಿನ ಅಧಿಕೃತ ಮಂಟಪದಲ್ಲೇ ತಾಪಿಯೆಸ್ ಚಿತ್ರಗಳಿದ್ದವು, ಯುನೆಸ್ಕೋ ಬಹುಮಾನವೂ ಬಂತು. ಬಾಂಬಿನ ಗಾಯಗಳನ್ನು ಹೊತ್ತ ಗೋಡೆ, ಬಾಂಬು ಹಾಕಿಸಿದವರ ಮಂಟಪದಲ್ಲಿ!

ಅವನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಆಮೇಲಿನ ವರ್ಷಗಳಲ್ಲಿ ಸರ್ಕಾರ ಕಳಿಸುವ ಪ್ರದರ್ಶನಗಳಿಂದ ದೂರ ಸರಿದ. 1966ರ ಮಾರ್ಚ್‌ನಲ್ಲಿ ಸರಿಯಾ ಬಡಾವಣೆಯ ಕಪುಚಿನ್ ಮಠದಲ್ಲಿ ವಿದ್ಯಾರ್ಥಿಗಳು ಸ್ವತಂತ್ರ ಸಂಘ ಕಟ್ಟಲು ಗುಟ್ಟಾಗಿ ಸೇರಿದಾಗ ಅವರೊಂದಿಗೆ ಕೂತ. ಸುಮಾರು ಐನೂರು ಜನ ಇದ್ದರು. ಪೊಲೀಸರು ಮಠವನ್ನು ಸುತ್ತುವರಿದು ಎರಡು ದಿನ ಕಾದು, ಮೂರನೆಯ ದಿನ ಒಳನುಗ್ಗಿದರು. ಕವಿ ಸಾಲ್ವದೊರ್ ಎಸ್ಪ್ರಿಯು ಕೂಡ ಒಳಗಿದ್ದರು. ತಾಪಿಯೆಸ್‌ನನ್ನು ಹಿಡಿದು ದಂಡ ಹಾಕಿದರು. 1974ರ ಮಾರ್ಚ್ 2ರಂದು ಬಾರ್ಸಿಲೋನಾದ ಮೊದೆಲೊ ಜೈಲಿನಲ್ಲಿ ಸಾಲ್ವದೊರ್ ಪುಚ್ ಆಂತಿಕ್ ಎಂಬ ಇಪ್ಪತ್ತೈದರ ಯುವಕನನ್ನು ಕತ್ತು ಬಿಗಿದು ಕೊಂದರು. ತಾಪಿಯೆಸ್ ಅವನ ನೆನಪಿಗೆ ಚಿತ್ರ ಮಾಡಿದ, ‘ಕೊಲೆಗಡುಕರು’ ಎಂಬ ಹೆಸರಿನಲ್ಲೇ ಕಲ್ಲಚ್ಚಿನ ಸರಣಿಯೊಂದನ್ನು ಪ್ಯಾರಿಸ್ಸಿನಲ್ಲಿ ಪ್ರದರ್ಶಿಸಿದ. ಆಗ ಫ್ರಾಂಕೋ ಇನ್ನೂ ಬದುಕಿದ್ದ ಎಂಬುದನ್ನು ಮರೆಯಬಾರದು.

ಮೌನದ ಗೋಡೆ ಬಾಯಿಬಿಟ್ಟದ್ದು ಮಾತ್ರ ಅದಕ್ಕೂ ಮೂರು ವರ್ಷ ಮೊದಲು. 1971ರ ‘ಕತಲಾನ್ ಚೇತನ’ ಎಂಬ ಚಿತ್ರ ಎರಡು ಮೀಟರ್ ಎತ್ತರ, ಅದಕ್ಕಿಂತ ಹೆಚ್ಚು ಅಗಲ. ಹಳದಿ ಮೈಮೇಲೆ ಉದ್ದಕ್ಕೆ ಇಳಿಬಿದ್ದ ನಾಲ್ಕು ಕೆಂಪು ಪಟ್ಟಿಗಳು, ಕತಲೂನ್ಯದ ಬಾವುಟದ ಪಟ್ಟಿಗಳು. ಗಾಯಗೊಂಡ ದೊರೆ ಗಿಫ್ರೆಯ ರಕ್ತದಲ್ಲಿ ಅದ್ದಿದ ನಾಲ್ಕು ಬೆರಳುಗಳನ್ನು ಬಂಗಾರದ ಗುರಾಣಿಯ ಮೇಲೆ ಎಳೆದಾಗ ಆ ಬಾವುಟ ಹುಟ್ಟಿತೆಂದು ಅಲ್ಲಿನ ಐತಿಹ್ಯ. ಚಿತ್ರದ ಮೇಲೆ ಕೆಂಪು ಬೆರಳಚ್ಚುಗಳಿವೆ, ಅಂಗೈ ಗುರುತುಗಳಿವೆ. ಜೊತೆಗೆ, ಮೊದಲ ಬಾರಿಗೆ ಇಷ್ಟು ಒತ್ತಾಗಿ, ಪದಗಳು. ಸ್ವಾತಂತ್ರ್ಯ, ಪ್ರಜಾಪ್ರಭುತ್ವ, ಸಂಸ್ಕೃತಿ, ಕತಲೂನ್ಯ. ನಿಷೇಧಿತ ಭಾಷೆಯಲ್ಲಿ, ಓಡುವ ಮನುಷ್ಯನ ಕೈಬರಹದಲ್ಲಿ.

ಒಪ್ಪಿಕೊಳ್ಳುತ್ತೇನೆ, ಚಿತ್ರವಾಗಿ ನನಗೆ ಇದಕ್ಕಿಂತ 1950ರ ದಶಕದ ಮೂಕ ಗೋಡೆಗಳೇ ಇಷ್ಟ. ಘೋಷಣೆ ಓದಿ ಮುಗಿಯುತ್ತದೆ, ಗೀರು ಮುಗಿಯುವುದಿಲ್ಲ. ಆದರೆ ಇದನ್ನು ನನ್ನ ಭಾಷೆಯಲ್ಲಿ ಆರಾಮಾಗಿ ಬರೆದು ಪ್ರಕಟಿಸುತ್ತ ಕೂತ ನಾನು ಹೇಳುವುದು ಸುಲಭ. ತನ್ನ ತಾಯಿನುಡಿಯ ಒಂದು ಪದವನ್ನು ಗೋಡೆಯ ಮೇಲೆ ಪೂರ್ತಿಯಾಗಿ ಬರೆಯಲು ನಲವತ್ತೇಳು ವರ್ಷದವನಾಗುವವರೆಗೆ ಕಾದವನಿಗೆ ನನ್ನ ಅಭಿರುಚಿಯಿಂದ ಆಗಬೇಕಾದದ್ದೇನು?

ಬಾರ್ಸಿಲೋನಾದ ಅರಗೊ ರಸ್ತೆಯಲ್ಲಿ, ಹಳೆಯ ಪ್ರಕಾಶನ ಸಂಸ್ಥೆಯೊಂದರ ಇಟ್ಟಿಗೆ ಕಟ್ಟಡದಲ್ಲಿ, 1990ರಲ್ಲಿ ತಾಪಿಯೆಸ್ ಪ್ರತಿಷ್ಠಾನ ಬಾಗಿಲು ತೆರೆಯಿತು. ಚಾವಣಿಯ ಮೇಲೆ ಲೋಹದ ತಂತಿಯ ದೊಡ್ಡ ಸಿಕ್ಕು, ಅದರೊಳಗೊಂದು ಕುರ್ಚಿ. ಅದೂ ಅವನದೇ. 2012ರ ಫೆಬ್ರವರಿಯಲ್ಲಿ ಅವನು ತೀರಿಕೊಂಡ. ಒಳಗೆ ಒಂದು ಬೂದು ಚಿತ್ರದ ಮುಂದೆ ನಾನು ತುಂಬ ಹೊತ್ತು ನಿಂತಿದ್ದೆ. ಪಕ್ಕದಿಂದ ನೋಡಲು ತಲೆಯನ್ನು ಗೋಡೆಗೆ ಹತ್ತಿರ ಒಯ್ದಾಗ ಕಾವಲಿನ ಹೆಂಗಸು ನಯವಾಗಿ ಕೈಸನ್ನೆ ಮಾಡಿದಳು, ಹಿಂದೆ ಸರಿಯಿರಿ ಎಂದು. ಸಾಂತ್ ಫೆಲಿಪ್ ನೆರಿಯಲ್ಲಿ ಹಿಂದಿನ ದಿನ ಕುಳಿಗಳೊಳಗೆ ಬೆರಳಿಟ್ಟು ನೋಡಿದ್ದೆ, ಯಾರೂ ಬೇಡವೆನ್ನಲಿಲ್ಲ.

‘ಕತಲಾನ್ ಚೇತನ’ವನ್ನು ನಾನು ಪುಸ್ತಕದಲ್ಲಿ ಮಾತ್ರ ನೋಡಿದ್ದೇನೆ. ಅದು ಬಾರ್ಸಿಲೋನಾದಲ್ಲಿಲ್ಲ. ಅದನ್ನು ಕೊಂಡವರು ನವಾರಾ ಪ್ರಾಂತ್ಯದ ಮರಿಯ ಹೊಸೇಫಾ ಉಆರ್ತೆ ಎಂಬ ಸಂಗ್ರಾಹಕಿ. ಫ್ರಾಂಕೋ ತನ್ನ ಯುದ್ಧವಿಜಯದ ಸ್ಮಾರಕವಾಗಿ ಮ್ಯಾಡ್ರಿಡ್ ಹತ್ತಿರದ ಕಣಿವೆಯಲ್ಲಿ ನಿಲ್ಲಿಸಿದ ಬೃಹತ್ ಶಿಲುಬೆಯನ್ನು ಕಟ್ಟಿದ್ದು ಅವರ ತಂದೆಯ ಕಂಪನಿ. ಆಕೆ ತಮ್ಮ ಸಂಗ್ರಹವನ್ನು ನವಾರಾ ವಿಶ್ವವಿದ್ಯಾಲಯಕ್ಕೆ ಕೊಟ್ಟರು. 2015ರಿಂದ ಆ ಹಳದಿ ಗೋಡೆ ಪಾಂಪ್ಲೋನಾದ ಅವರ ಸಂಗ್ರಹಾಲಯದಲ್ಲಿದೆ.