ನಯಾಗರ ಜಲಪಾತ: ಸಾರ್ವಜನಿಕ ಪ್ರವೇಶದ ವಿವಾದಗಳು

ಅಮೆರಿಕ ಮತ್ತು ಕೆನಡಾ ಗಡಿಯಲ್ಲಿರುವ ನಯಾಗರ ಜಲಪಾತವನ್ನು ದಂಡೆಯಿಂದ ಬರಿಗಣ್ಣಿನಲ್ಲಿ ನೋಡುವುದಕ್ಕೂ ಒಂದು ಕಾಲದಲ್ಲಿ ದುಡ್ಡು ಕೊಡಬೇಕಿತ್ತು. 19ನೇ ಶತಮಾನದ ಆರಂಭದಲ್ಲಿ ನ್ಯೂಯಾರ್ಕ್ ರಾಜ್ಯ ದಂಡೆಯ ಜಮೀನನ್ನು ಖಾಸಗಿಯವರಿಗೆ ಮಾರಿದ್ದೇ ಇದಕ್ಕೆ ಮೂಲ. ದಂಡೆಯ ಭಾಗಗಳೂ ಜಲಪಾತದ ನಡುವಿನ ಗೋಟ್ ದ್ವೀಪವೂ ಪೋರ್ಟರ್ ಮನೆತನದ ಪಾಲಾದವು. ದ್ವೀಪಕ್ಕೆ ಸೇತುವೆ ಕಟ್ಟಿ ಅವರು ಸುಂಕ ಎತ್ತಿದರು. ಅಲ್ಲಿನ ಕಾಡನ್ನು ಉಳಿಸಿದವರೂ ಅವರೇ ಎನ್ನುವುದನ್ನು ಮರೆಯಬಾರದು. ಉಳಿದ ದಂಡೆಗೆ ಆ ಅದೃಷ್ಟವಿರಲಿಲ್ಲ. 1860ರ ದಶಕದ ಹೊತ್ತಿಗೆ ಗಿರಣಿಗಳೂ ಬೇಲಿಗಳೂ ಎದ್ದು, ಅಮೆರಿಕದ ಕಡೆ ಬಿಟ್ಟಿಯಾಗಿ ನಿಂತು ನೋಡಲು ಜಾಗವೇ ಇಲ್ಲದಂತಾಯಿತು. ಕೆನಡಾದ ಕಡೆ ಕಂದರದ ಅಂಚಿನ 66 ಅಡಿ ಅಗಲದ ಪಟ್ಟಿ ಸೇನೆಗೆಂದು ಕಾದಿರಿಸಿದ ಸರ್ಕಾರಿ ನೆಲ. ಆದರೂ ಟೇಬಲ್ ರಾಕ್ ಎಂಬ ಬಂಡೆಯ ಸುತ್ತಲಿನ ವ್ಯಾಪಾರಿಗಳು, ನೀರಿನ ಪರದೆಯ ಹಿಂದಕ್ಕೆ ಪ್ರವಾಸಿಗರನ್ನು ಪುಕ್ಕಟೆಯೆಂದು ಇಳಿಸಿ, ಹತ್ತಿ ಬಂದ ಮೇಲೆ ಹಣಕ್ಕಾಗಿ ಪೀಡಿಸುತ್ತಿದ್ದರು.

ಉದ್ಯಾನ ಶಿಲ್ಪಿ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಮತ್ತು ಗೆಳೆಯರು 1869ರಲ್ಲಿ ಅಮೆರಿಕದ ಕಡೆಯ ದಂಡೆಯನ್ನು ಜನರಿಗೆ ಮರಳಿಸುವ ಮಾತೆತ್ತಿದರು. 1878ರಲ್ಲಿ ಕೆನಡಾದ ಗವರ್ನರ್ ಜನರಲ್ ಲಾರ್ಡ್ ಡಫರಿನ್ ಎರಡೂ ದಂಡೆಗಳಲ್ಲಿ ಸಾರ್ವಜನಿಕ ಉದ್ಯಾನವಾಗಲಿ ಎಂದು ಬಹಿರಂಗವಾಗಿ ಸೂಚಿಸಿದರು. ರಸ್ಕಿನ್, ಕಾರ್ಲೈಲ್, ಎಮರ್ಸನ್‌ರಂಥ ಲೇಖಕರು ಇದಕ್ಕಾಗಿ ಸಲ್ಲಿಸಿದ ಮನವಿಗೆ ಸಹಿ ಹಾಕಿದರು. ಆದರೂ ನ್ಯೂಯಾರ್ಕ್ ಗವರ್ನರ್ ಕಾರ್ನೆಲ್ ಒಪ್ಪಲಿಲ್ಲ. ಮುಂದೆ ಗವರ್ನರ್ ಆದ ಗ್ರೋವರ್ ಕ್ಲೀವ್‌ಲ್ಯಾಂಡ್ 1883ರಲ್ಲಿ ಭೂಸ್ವಾಧೀನದ ಕಾನೂನಿಗೆ ಅಂಕಿತ ಹಾಕಿದರು.

ನಿಜವಾದ ಜಗ್ಗಾಟ ನಡೆದದ್ದು ಪರಿಹಾರದ ಮೊತ್ತದ ಮೇಲೆ. ಮಾಲೀಕರು ನೆಲದ ಜೊತೆಗೆ ಹರಿಯುವ ನೀರಿನ ಶಕ್ತಿಗೂ ಬೆಲೆ ಕಟ್ಟಿ, ಸುಮಾರು 40 ಲಕ್ಷ ಡಾಲರ್ ಕೇಳಿದರು. ನದಿಯ ಹರಿವು ಯಾರ ಸ್ವತ್ತೂ ಅಲ್ಲವೆಂಬ ನಿಲುವು ಗೆದ್ದು, ಸುಮಾರು 14.3 ಲಕ್ಷ ಡಾಲರ್‌ಗೆ ಲೆಕ್ಕ ಮುಗಿಯಿತು. ಇಡೀ ಹೋರಾಟದಲ್ಲಿ ಅತಿ ಮುಖ್ಯವಾದ ಗೆಲುವು ಇದೇ. ಆ ನಿಲುವು ಸೋತಿದ್ದರೆ ಸರ್ಕಾರದ ಬೊಕ್ಕಸಕ್ಕೆ ಆ ದಂಡೆ ನಿಲುಕುತ್ತಿರಲಿಲ್ಲ. 1885ರ ಜುಲೈ 15ರಂದು ದಂಡೆ ಎಲ್ಲರಿಗೂ ಉಚಿತವಾಗಿ ತೆರೆಯಿತು. ಗಿರಣಿ, ಅಂಗಡಿಗಳನ್ನು ಕೆಡವಲಾಯಿತು. ಕೆನಡಾದ ಕ್ವೀನ್ ವಿಕ್ಟೋರಿಯಾ ಉದ್ಯಾನ 1888ರ ಮೇ 24ರಂದು ತೆರೆಯಿತು. ಆದರೆ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಬೇಕೆಂಬ ಷರತ್ತು ಅದಕ್ಕಿದ್ದುದರಿಂದ, ವಿದ್ಯುತ್ ಕಂಪನಿಗಳು ತೆರುವ ಬಾಡಿಗೆ ಅದರ ಆಸರೆಯಾಯಿತು.

ಹೀಗೆ ನೆಲದ ಜಗಳ ನೀರಿಗೆ ಹೊರಳಿತು. ದಂಡೆ ತೆರೆದಿದ್ದರೂ ನದಿಯ ನೀರೆಲ್ಲ ಟರ್ಬೈನುಗಳಿಗೆ ಹೋದರೆ ನೋಡುವುದೇನನ್ನು? ಅಮೆರಿಕ 1906ರಲ್ಲಿ ಬರ್ಟನ್ ಕಾಯಿದೆಯಿಂದ ನೀರು ತಿರುಗಿಸುವುದಕ್ಕೆ ಮಿತಿ ಹಾಕಿತು. ಎರಡೂ ದೇಶಗಳ 1950ರ ಒಪ್ಪಂದದಂತೆ ಪ್ರವಾಸದ ತಿಂಗಳುಗಳಲ್ಲಿ ಹಗಲು ಹೊತ್ತು ಸೆಕೆಂಡಿಗೆ ಕನಿಷ್ಠ 1 ಲಕ್ಷ ಘನ ಅಡಿ ನೀರು ಧುಮುಕಬೇಕು. ರಾತ್ರಿಯಲ್ಲೂ ಚಳಿಗಾಲದಲ್ಲೂ ಅದರ ಅರ್ಧ ಸಾಕು.